ಮೂರು ತಟ್ಟು

ಮೋಟಾರಿನ ಬೇರಿಂಗ್ ಸವೆದಿದೆಯೇ ಎಂದು ತಿಳಿಯಲು ನಮ್ಮ ಕಸುಬಿನವರಿಗೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿದರೆ ಒಳಗಿನದೆಲ್ಲ ಕೇಳುತ್ತದೆ. ಗಾಳಿಯಲ್ಲಿ ಬರುವ ಸದ್ದು ಬೇರೆ, ಕಬ್ಬಿಣದೊಳಗಿನ ಸದ್ದು ಬೇರೆ. ಬೆಳಗೋಡಿನಲ್ಲಿ ನಾನು ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟು ಹದಿನಾಲ್ಕು ವರ್ಷವಾಯಿತು. ಸುತ್ತಲಿನ ಎಸ್ಟೇಟುಗಳ ಪಂಪುಗಳು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗಳು ಒಂದಲ್ಲ ಒಂದು ಸಲ ಈ ಸ್ಕ್ರೂಡ್ರೈವರಿನ ತುದಿಗೆ ಸಿಕ್ಕಿವೆ.

ಯಂತ್ರದ ಸದ್ದನ್ನೇ ಸಂಗೀತವೆಂದು ಕೇಳುವ ಜನ ಇದ್ದಾರೆಂದು ಗೊತ್ತಾದದ್ದು ಫೋನಿನಲ್ಲಿ ಏನನ್ನೋ ಹುಡುಕುವಾಗ. ನಾಯ್ಸ್, ಇಂಡಸ್ಟ್ರಿಯಲ್, ಡಾರ್ಕ್ ಆಂಬಿಯೆಂಟ್ ಎಂದು ಅವರು ಅದನ್ನು ಕರೆಯುತ್ತಿದ್ದರು. ಹಾಡಿಲ್ಲ, ರಾಗವಿಲ್ಲ. ಕಬ್ಬಿಣ ಉಜ್ಜುವುದು, ಗಾಳಿ ಕೊಳವೆಯಲ್ಲಿ ಮೊರೆಯುವುದು, ಅದನ್ನು ನಿಧಾನಿಸಿ, ಹಿಗ್ಗಿಸಿ, ಕರ್ಕಶವಾಗಿಸಿ ಕ್ಯಾಸೆಟ್ಟಿಗೆ ತುಂಬುವುದು. ಈಗಲೂ ಕ್ಯಾಸೆಟ್ಟೇ. ಐವತ್ತು ಪ್ರತಿ ಮಾಡಿ, ಕೈಯಲ್ಲಿ ಕತ್ತರಿಸಿದ ಕವರು ಹಾಕಿ ಅಂಚೆಗೆ ಕೊಡುತ್ತಾರೆ. ಖಾಲಿಯಾದರೆ ಮುಗಿಯಿತು, ಮತ್ತೆ ಮಾಡುವುದಿಲ್ಲ. ನಾನು ಕೇಳಿದೆ. ಇದು ನನ್ನ ಸ್ಕ್ರೂಡ್ರೈವರಿನ ಸದ್ದೇ ಅನ್ನಿಸಿತು. ಬಜರಿನೊಳಗಿನ ನಾಣ್ಯದಗಲದ ಹಿತ್ತಾಳೆ ಬಿಲ್ಲೆಗೆ ತಂತಿ ಬೆಸೆದು ರೆಕಾರ್ಡರಿಗೆ ಸಿಕ್ಕಿಸಿದೆ. ಯಂತ್ರದ ಮೈಗೆ ಅಂಟಿಸಿದರೆ ಆ ಬಿಲ್ಲೆಗೆ ಕಬ್ಬಿಣದಲ್ಲಿ ಹರಿದು ಬಂದದ್ದು ಮಾತ್ರ ಕೇಳಿಸುತ್ತದೆ. ಮಾತುಕತೆ ಅದರ ಕಿವಿಗೆ ಬೀಳುವುದಿಲ್ಲ. ಎಡಕುಮೇರಿ ಕಡೆ ಗೂಡ್ಸ್ ಗಾಡಿ ಹೋಗುವಾಗ ಸೇತುವೆಯ ಕಂಬಿ ನಡುಗುವುದು, ಮಾರನಹಳ್ಳಿಯ ಇಳಿಜಾರಿನಲ್ಲಿ ಲಾರಿಗಳು ಬ್ರೇಕ್ ಹಿಡಿದಾಗ ರಸ್ತೆಬದಿಯ ತಗಡು ಅದುರುವುದು, ಹೀಗೆ ಎರಡು ಕ್ಯಾಸೆಟ್ ಬಂದವು. ಕವರಿಗೆ ಹಳೆಯ ಕಾಫಿ ಚೀಲದ ಗೋಣಿ ಕತ್ತರಿಸಿ ಕಳಿಸಿದ್ದೆ.

ಪಕ್ಕದ ಟೀ ಅಂಗಡಿಯವನಿಗೆ ಒಮ್ಮೆ ಕೇಳಿಸಿದೆ. ಅವನು ಪೂರ್ತಿ ಐದು ನಿಮಿಷ ಗಂಭೀರವಾಗಿ ಕೂತಿದ್ದ.

"ಇದ್ನ ಕೊಂಡ್ಕೊಳೋರೂ ಅವ್ರೇನ್ ಮಾರಾಯ?"

"ಅವ್ರೆ."

"ನಮ್ಮನೆ ಮಿಕ್ಸಿ ಕೆಟ್ಟೈತೆ. ತಂದ್ಕೊಡ್ಲಾ? ರಿಪೇರಿ ಬ್ಯಾಡ, ಹಂಗೇ ಫಾರಿನ್‌ಗೆ ಕಳ್ಸು."

ಕ್ಯಾಸೆಟ್ ಹೊರತರುತ್ತಿದ್ದವನು ದೂರದ ಒಂದು ನಗರದವನು. ಅವನನ್ನು ನಾನು ನೋಡಿಲ್ಲ, ದನಿಯನ್ನೂ ಕೇಳಿಲ್ಲ, ಎಲ್ಲವೂ ಸಂದೇಶಗಳಲ್ಲಿ. ನಾನು ಕಚ್ಚಾ ಸದ್ದು ಕಳಿಸಬೇಕು, ಅವನು ಅದನ್ನು ಕಲಸಿ ಹದಮಾಡಬೇಕು. ಅವನದೊಂದು ನಿಯಮವಿತ್ತು, ಆ ಬಳಗದಲ್ಲಿ ಹಲವರು ಅದನ್ನು ಒಪ್ಪಿದ್ದರು. ಕಳಿಸಿದ ಕೂಡಲೇ ಮೂಲ ಸದ್ದನ್ನು ಕಳಿಸಿದವನು ಅಳಿಸಬೇಕು. ಕ್ಯಾಸೆಟ್ ಆದಮೇಲೆ ಅವನೂ ಅಳಿಸುತ್ತಾನೆ. ಮೂಲ ಸಾಯಬೇಕು, ಕ್ಯಾಸೆಟ್ ಮಾತ್ರ ಉಳಿಯಬೇಕು. ಎಲ್ಲವನ್ನೂ ಎಲ್ಲರೂ ಕೂಡಿಡುವ ಈ ಕಾಲದಲ್ಲಿ ಅದು ನನಗೆ ದೊಡ್ಡ ಮಾತಾಗಿ ಕಂಡಿತ್ತು. ಹೇಳಿದ ಹಾಗೆ ನಡೆದುಕೊಂಡೆ.

ಹೋದ ವರ್ಷ ಕಾಫಿ ಕೊಯ್ಲಿನಲ್ಲಿ ಒಂದು ಎಸ್ಟೇಟಿನಿಂದ ಕರೆ ಬಂತು. ಪಲ್ಪರ್ ಮೋಟಾರು ಬಿಸಿಯಾಗುತ್ತಿದೆ, ತೊರೆ ಹತ್ತಿರದ ಪಂಪೂ ಸರಿಯಿಲ್ಲ ಎಂದರು. ಮಧ್ಯಾಹ್ನ ಹೋದೆ. ಪಲ್ಪರ್ ಮೇಲೆ ಇದ್ದವಳು ನಲವತ್ತು ದಾಟಿದ ಹೆಂಗಸು. ಎಸ್ಟೇಟಿನ ಆಳುಗಳ ಲೈನ್ ಮನೆಗಳಲ್ಲಿ ಇದ್ದಳು, ಆ ಯಂತ್ರದ ಮೇಲೆ ಹದಿನಾರು ಕೊಯ್ಲು ಕಂಡವಳು. ಮೋಟಾರು ನೋಡಿ, ಬಿಗಿಮಾಡುವುದನ್ನು ಬಿಗಿಮಾಡಿ, ಪಲ್ಪರಿನ ಚೌಕಟ್ಟಿಗೆ ಬಿಲ್ಲೆ ಅಂಟಿಸಿದೆ.

"ಅದೇನ್ ಮೋಟ್ರಣ್ಣ, ಮಿಷನ್‌ಗೆ ಬೊಟ್ಟು ಇಡ್ತಿದೀಯ?"

"ಸದ್ದು ಹಿಡಿಯಾಕೆ."

"ಹಿಡ್ಕೊಂಡೋಗು ಮಾರಾಯ, ನಮ್ಗೂ ಸ್ವಲ್ಪ ಕಮ್ಮಿ ಆಯ್ತದೆ."

ರೆಕಾರ್ಡರನ್ನು ಗೋಡೆಯ ಗೂಡಿನಲ್ಲಿಟ್ಟು ಪಂಪ್ ನೋಡಲು ತೊರೆಗೆ ಇಳಿದೆ. ಸುಮಾರು ಅರ್ಧ ಗಂಟೆಯ ಮೇಲೆ ಕೂಗಾಟ ಕೇಳಿ ಓಡಿಬಂದಾಗ ಅವಳನ್ನು ಜೀಪಿಗೆ ಹತ್ತಿಸುತ್ತಿದ್ದರು. ಬಲಗೈಗೆ ಯಾರದೋ ಟವೆಲ್ ಸುತ್ತಿತ್ತು. ಅವಳ ಜೊತೆಯ ಹೆಂಗಸರಿಬ್ಬರು ಹೊರಗೆ ತೊಟ್ಟಿಯಲ್ಲಿ ಬೀಜ ತೊಳೆಯುತ್ತಿದ್ದವರು, ಏನೂ ನೋಡಿರಲಿಲ್ಲ. ಎಸ್ಟೇಟಿನ ಲೆಕ್ಕ, ಹಾಜರಿ ನೋಡುವ ರೈಟರ್ ಗೋಡೆಯಾಚೆಯಿಂದ ಬಂದು, "ಓಡೋ ಮಿಷನ್‌ಗೆ ಕೈ ಹಾಕ್ಬುಟ್ಲು" ಎಂದ. ಎರಡು ಸಲ ಹೇಳಿದ. ನಾನು ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಮಾರನೆಯ ದಿನ ಅಂಗಡಿಯಲ್ಲಿ ಕೂತು ಒಂದು ಸಲ ಕೇಳಿದೆ. ಯಂತ್ರ ಓಡುತ್ತದೆ. ಇಪ್ಪತ್ತೆರಡು ನಿಮಿಷ ಕಳೆದ ಮೇಲೆ ನಿಲ್ಲುತ್ತದೆ. ಬೆಲ್ಟು ತಗ್ಗುತ್ತಾ ಸುಮ್ಮನಾಗುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಮೂರು ತಟ್ಟು. ಆಮೇಲೆ ಏನೋ ಕೆದಕುವ ಸದ್ದು, ಹತ್ತೊಂಬತ್ತು ಸೆಕೆಂಡು. ಮೋಟಾರು ಚಾಲೂ ಮಾಡುವ ಸ್ಟಾರ್ಟರಿನ ಟಕ್ ನೆಲದಿಂದ ಕಬ್ಬಿಣಕ್ಕೆ ಬರುತ್ತದೆ. ಯಂತ್ರ ಎದ್ದು, ಕಚ್ಚಿ, ತೊದಲುತ್ತದೆ. ಆಮೇಲಿನದು ಅವಳ ಕೂಗು. ಗಾಳಿಯಲ್ಲಿ ಬಂದ ಕೂಗಲ್ಲ. ಚೌಕಟ್ಟಿಗೆ ಒತ್ತಿದ ಅವಳ ಎದೆಯಿಂದ ಕಬ್ಬಿಣಕ್ಕೆ ಇಳಿದು ಬಂದದ್ದು.

ಮೂರು ತಟ್ಟಿಗೆ ಅರ್ಥವಿದೆಯೆಂದು ಅಂದು ನನಗೆ ಗೊತ್ತಿರಲಿಲ್ಲ. ಆದರೆ ಕೊನೆಗೆ ಕೇಳಿದ್ದು ಏನೆಂದು ಗೊತ್ತಿತ್ತು. ಇದನ್ನು ಇಟ್ಟುಕೊಳ್ಳಬಾರದು, ಕಳಿಸಲೂಬಾರದು ಅನ್ನಿಸಿತು. ಇಂಥ ಸದ್ದು ಮತ್ತೆ ಸಿಗುವುದಿಲ್ಲ ಎಂದೂ ಅನ್ನಿಸಿತು. ಆ ಎರಡನೆಯ ಯೋಚನೆ ನನ್ನದಲ್ಲ ಎಂದು ಬರೆಯುವ ಹಾಗಿಲ್ಲ. ಎರಡು ದಿನ ಬಿಟ್ಟು ಪೂರ್ತಿ ಫೈಲು ಕಳಿಸಿದೆ. ಒಂದು ಎಚ್ಚರಿಕೆಯ ಸಾಲನ್ನೂ ಜೊತೆಗೆ ಬರೆಯಲಿಲ್ಲ. ಅವನಿಗೆ ತಲುಪಿತೆಂದು ಖಾತ್ರಿಯಾದ ಮೇಲೆ, ನಿಯಮದಂತೆ, ರೆಕಾರ್ಡರಿನಿಂದಲೂ ಕಂಪ್ಯೂಟರಿನಿಂದಲೂ ಅಳಿಸಿದೆ.

ಹದಿನೈದು ದಿನ ಆಗಿರಬೇಕು. ಬೆಳಗಿನ ಬಸ್ಸಿಳಿದು ಅವಳು ನನ್ನ ಅಂಗಡಿಗೆ ಬಂದಳು. ಬಲಗೈಯ ನಡುವಿನ ಮೂರು ಬೆರಳು ಎರಡನೆಯ ಗಂಟಿನವರೆಗೆ ಹೋಗಿದ್ದವು. ಬಟ್ಟೆ ಸುತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಸ್ಟೂಲ್ ಕೊಟ್ಟೆ, ಕೂರಲಿಲ್ಲ.

"ಅಪಘಾತದ ಪುಸ್ತಕದಾಗೆ ಬರ್ದವ್ನೆ ಆ ರೈಟ್ರು. ಓಡೋ ಮಿಷನ್‌ಗೆ ಅಜಾಗರೂಕತೆಯಿಂದ ಕೈ ಹಾಕಿದ್ಲು ಅಂತ. ಈಗ ದಿನಾ ಬೆಳಿಗ್ಗೆ ಹಾಜರಿ ಕೂಗೋವಾಗ ಹೊಸ ಹೆಣ್ಣಾಳುಗಳಿಗೆ ಹೇಳ್ತಾನೆ, ಅವಳಂಗೆ ಮಾಡ್ಬ್ಯಾಡ್ರಿ ಅಂತ. ನನ್ ಮುಂದೇನೇ."

ಆಮೇಲೆ ಅವಳು ಪಲ್ಪರ್ ಮನೆಯ ಪದ್ಧತಿ ಹೇಳಿದಳು. ಸ್ಟಾರ್ಟರ್ ಇರುವುದು ಗೋಡೆಯ ಆಚೆ. ಯಂತ್ರದ ಹತ್ತಿರ ಇರುವವರು ಸ್ಟಾರ್ಟರ್ ಹತ್ತಿರ ಇರುವವರಿಗೆ ಕಾಣುವುದಿಲ್ಲ. ಅದಕ್ಕೆ ಹೆಂಗಸರೇ ಎಂದೋ ಒಂದು ರೂಢಿ ಮಾಡಿಕೊಂಡಿದ್ದರು. ಹಣ್ಣಿನ ಜೊತೆ ಕಡ್ಡಿ ಸಿಕ್ಕಿಕೊಂಡರೆ ನಿಲ್ಲಿಸಲು ಹೇಳುವುದು. ನಿಂತಮೇಲೆ ಕಬ್ಬಿಣದ ಸರಳಿನಿಂದ ಯಂತ್ರದ ಬಾಯಿಗೆ ಮೂರು ಸಲ ತಟ್ಟುವುದು. ಅದರರ್ಥ, ಒಳಗೆ ಕೈ ಇದೆ. ಕೈ ತೆಗೆದಮೇಲೆ ಒಂದೇ ತಟ್ಟು. ಆ ಒಂದು ಕೇಳುವ ತನಕ ಸ್ಟಾರ್ಟರ್ ಒತ್ತುವ ಹಾಗಿಲ್ಲ. ಸ್ಟಾರ್ಟರಿನ ಬಳಿ ಯಾವಾಗಲೂ ಇರುತ್ತಿದ್ದ ಮುದುಕ ಅಂದು ಊಟಕ್ಕೆ ಹೋಗಿದ್ದ. ಹಣ್ಣು ತಂದ ಟ್ರ್ಯಾಕ್ಟರ್ ಕಾಯುತ್ತಿದೆಯೆಂದು ರೈಟರ್ ತಾನೇ ನಿಂತಿದ್ದ.

"ತಟ್ಟಿದೀನಿ ಮೋಟ್ರಣ್ಣ. ಮೂರು ತಟ್ಟಿದೀನಿ. ಅವ್ನು ಈಗ ಮಿಷನ್ ನಿಂತೇ ಇರ್ಲಿಲ್ಲ ಅಂತಾನೆ. ತಟ್ಟೋದು ಅಂದ್ರೆ ಏನು, ನಂಗೊತ್ತಿಲ್ಲ ಅಂತಾನೆ. ಓಡೋ ಮಿಷನ್‌ಗೆ ಕೈ ಹಾಕೋ ಹೆಂಗಸಾ ನಾನು? ನೀನು ಬಿಲ್ಲೆ ಅಂಟಿಸಿದ್ಯಲ್ಲ. ಅದರಾಗೆ ಐತಾ ಸದ್ದು?"

"ಇತ್ತು," ಎಂದೆ. "ಅಳಿಸ್ಬುಟ್ಟೆ."

"ಯಾಕೆ?"

ಮೂಲ ಸಾಯಬೇಕು ಎಂಬ ನಿಯಮವನ್ನು ಅವಳಿಗೆ ಹೇಳಲು ಬಾಯಿ ತೆರೆದೆ. ಅದನ್ನು ಕನ್ನಡದಲ್ಲಿ ಹೇಳಬೇಕಾಗಿ ಬಂದದ್ದು ಅದೇ ಮೊದಲು. ಅರ್ಧಕ್ಕೆ ನಿಲ್ಲಿಸಿದೆ. ಅವಳು ಸಿಟ್ಟಾಗಲಿಲ್ಲ. ಹುಚ್ಚರನ್ನು ನೋಡುವ ಹಾಗೆ ನೋಡಿ, "ತರ್ಸು" ಎಂದು ಹೇಳಿ ಹೊರಟಳು.

ಅಂದೇ ಆ ನಗರದವನಿಗೆ ಎಲ್ಲವನ್ನೂ ಬರೆದೆ. ಇದು ಒಬ್ಬಳ ಕೈ, ಇದು ಸಾಕ್ಷಿ, ಮೂಲ ಫೈಲು ಬೇಕು. ನಾಲ್ಕು ದಿನದ ಮೇಲೆ ಉತ್ತರ ಬಂತು. ಕ್ಯಾಸೆಟ್ ಆಗಿದೆ, ಮೂಲವನ್ನು ಅಳಿಸಿದ್ದೇನೆ, ನಿಯಮ ನಿನಗೆ ಗೊತ್ತೇ ಇದೆ. ಕೊನೆಗೆ ಒಂದು ಸಾಲು: ಇದು ನೀನು ಕಳಿಸಿದ್ದರಲ್ಲೇ ಅತ್ಯಂತ ಸತ್ಯವಾದ ಸದ್ದು.

ಕ್ಯಾಸೆಟ್ ಅಂಚೆಯಲ್ಲಿ ಬಂತು. ಹಾಕಿ ಕೇಳಿದೆ. ಅವನು ಆ ಮೂರು ತಟ್ಟನ್ನು ಕತ್ತರಿಸಿ ತೆಗೆದು, ನಿಧಾನಿಸಿ, ಇಡೀ ಬದಿಯ ಉದ್ದಕ್ಕೂ ಹಾಸಿದ್ದ. ಮೂರು, ಮತ್ತೆ ಮೂರು, ಮತ್ತೆ ಮೂರು. ಅದರ ಮೇಲೆ ಯಂತ್ರದ ಮೊರೆತ. ಅವಳ ಕೂಗನ್ನು ಎಂಟು ಪಟ್ಟು ಎಳೆದಿದ್ದ. ಅದು ಆನೆಯ ದನಿಯಂತೆ ತಗ್ಗಿನಲ್ಲಿ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿತ್ತು. ಒಳಗೆ ಕೈ ಇದೆ, ಒತ್ತಬೇಡ ಎಂದು ಅವಳು ಹೇಳಿದ್ದು ಇವರಿಗೆ ತಾಳವಾಯಿತು. ಅವನ ಪುಟದಲ್ಲಿ ಕೇಳುಗರು ಬರೆದಿದ್ದರು. ಆ ಮೂರು ಪೆಟ್ಟು ತಲೆಯಿಂದ ಹೋಗುತ್ತಿಲ್ಲ ಎಂದು ಒಬ್ಬ. ಹನ್ನೊಂದನೆಯ ನಿಮಿಷದ ಆ ದನಿಯನ್ನು ಯಾವ ಉಪಕರಣದಲ್ಲಿ ಮಾಡಿದಿರಿ ಎಂದು ಇನ್ನೊಬ್ಬ. ನನಗೆ ಸಿಟ್ಟು ಬಂತು. ಆದರೆ ಆ ಬರಹಗಳ ಭಾಷೆ ನನ್ನದೇ ಆಗಿತ್ತು. ಎಡಕುಮೇರಿಯ ಸೇತುವೆಯ ಬಗ್ಗೆ ನಾನೂ ಹಾಗೇ ಬರೆದಿದ್ದೆ.

ಅವಳಿಗೆ ಕೇಳಿಸಿದೆ. ಕೇಳಿಸದೆ ಇರಬಹುದಿತ್ತು, ಆದರೆ "ತರ್ಸು" ಎಂದಿದ್ದಳು. ಹಗಲು, ಅಂಗಡಿಯ ಬಾಗಿಲು ಅರ್ಧ ಎಳೆದು, ಹೆಡ್‌ಫೋನ್ ಕೊಟ್ಟೆ. ಎರಡು ನಿಮಿಷದೊಳಗೆ ಎಡಗೈ ಎತ್ತಿದಳು.

"ಇದು ನನ್ ಸರಳು," ಎಂದಳು. "ತುದಿ ಬಾಗೈತಲ್ಲ, ಅದ್ಕೆ ಮೂರನೇದು ಸೊಟ್ಟಗೆ ಬೀಳ್ತದೆ."

ನಾನು ಹತ್ತಾರು ಸಲ ಕೇಳಿದ್ದೆ. ಮೂರನೆಯ ತಟ್ಟು ಬೇರೆಯಾಗಿದೆ ಎಂದು ನನಗೆ ಕೇಳಿಸಿರಲಿಲ್ಲ, ಕ್ಯಾಸೆಟ್ ಮಾಡಿದವನಿಗೂ ಕೇಳಿಸಿರಲಾರದು. ಅವಳು ಮುಂದುವರಿದು, ನೀರು ನಿಂತದ್ದು ಇಲ್ಲಿ, ಬೆಲ್ಟು ಜಾರಿದ್ದು ಇಲ್ಲಿ ಎಂದು ಬೆರಳೆತ್ತಿ ಹೇಳುತ್ತಾ ಹೋದಳು. ಹನ್ನೊಂದನೆಯ ನಿಮಿಷಕ್ಕೆ ಮೊದಲು ನಾನು ನಿಲ್ಲಿಸಿದೆ.

ಇಬ್ಬರೂ ಕ್ಯಾಸೆಟ್ ಹಿಡಿದು ಎಸ್ಟೇಟ್ ಆಫೀಸಿಗೆ ಹೋದೆವು. ಮ್ಯಾನೇಜರ್ ಕೆಟ್ಟವರೇನಲ್ಲ, ಕೂತು ಕೇಳಿದರು. ರೈಟರ್ ಬಾಗಿಲ ಹತ್ತಿರ ನಿಂತಿದ್ದ. ಸ್ಟಾರ್ಟರಿನ ಮುದುಕನನ್ನೂ ಕರೆಸಿದ್ದರು. ಅವನು ನೆಲ ನೋಡುತ್ತಿದ್ದ.

"ಇದರಾಗೆ ಅರ್ಧ ಗಂಟೆ ಬರೀ ತಟ್ತಾನೇ ಅವ್ರಲ್ರೀ," ಎಂದರು ಮ್ಯಾನೇಜರ್. "ಯಾವುದು ಮುಂದೆ, ಯಾವುದು ಹಿಂದೆ?"

"ಭಜನೆ ಇದ್ದಂಗೈತೆ ಸಾರ್," ಎಂದ ರೈಟರ್. "ಶ್ಯಾವಿಗೆ ಒತ್ತೋ ಮಣೆ ಸದ್ದೂ ಹಿಂಗೇ ಬತ್ತದೆ."

ಮ್ಯಾನೇಜರ್ ನಕ್ಕರು. ಅವರ ಪ್ರಶ್ನೆ ಸರಿಯಾಗಿತ್ತು. ಸದ್ದಿನ ಕ್ರಮವನ್ನು ನಾನೂ ಆ ನಗರದವನೂ ಸೇರಿ ಕೊಂದಿದ್ದೆವು. ವಾಪಸ್ ಬರುತ್ತಾ ಲೈನ್ ಮನೆಗಳ ತಿರುವು ತಲುಪಿದೆವು. ಅಲ್ಲಿ ನಿಂತು, "ಇನ್ಮೇಲೆ ಅವ್ನು ಭಜನೆ ಅಂತ್ಲೂ ಸೇರ್ಸಿ ಹೇಳ್ತಾನೆ," ಎಂದಳು. ಹಾಗೇ ಆಯಿತು.

ಹಣ್ಣು ಮುಗಿದು, ಕಣದ ಮೇಲೆ ಕಾಫಿ ಒಣಗುವ ಹೊತ್ತಿಗೆ ಆ ನಗರದವನ ಪುಟದಲ್ಲಿ ಹೊಸ ಪ್ರಕಟಣೆ ಬಂತು. ಐವತ್ತೂ ಖಾಲಿಯಾಗಿವೆ, ಬೇಡಿಕೆ ನಿಂತಿಲ್ಲ, ಆದ್ದರಿಂದ ಇಪ್ಪತ್ತು ವಿಶೇಷ ಪ್ರತಿಗಳು. ಇವುಗಳ ಎರಡನೆಯ ಬದಿಯಲ್ಲಿ ಏನನ್ನೂ ಬದಲಿಸದ, ಕತ್ತರಿಸದ, ಮೂಲ ರೆಕಾರ್ಡಿಂಗ್.

ಅದನ್ನು ಮೂರು ಸಲ ಓದಿದೆ. ಅವನು ಅಳಿಸಿರಲಿಲ್ಲ. ಎಂದೂ ಅಳಿಸಿರಲಿಕ್ಕಿಲ್ಲ. ನನ್ನ ಸೇತುವೆ, ನನ್ನ ತಗಡು, ಬೇರೆಯವರು ಬೇರೆಬೇರೆ ಊರುಗಳಿಂದ ಕಳಿಸಿ ಪ್ರಾಮಾಣಿಕವಾಗಿ ಕೊಂದದ್ದೆಲ್ಲ ಅವನ ಕಪಾಟಿನಲ್ಲಿ ಜೀವಂತ ಕೂತಿತ್ತು. ಸಾಯಿಸುವ ನಿಯಮ ನಮಗೆ ಮಾತ್ರ. ಒಬ್ಬಳ ಕೈಯ ವಿಷಯ ಬರೆದಾಗಲೂ, ಫೈಲು ಎದುರಿಗಿಟ್ಟುಕೊಂಡೇ, ಇಲ್ಲ ಎಂದಿದ್ದ.

ಅವನಿಗೆ ಬೈದು ಬರೆಯಲು ಕೂತೆ. ಬರೆದರೆ ಹಿಂತೆಗೆದುಕೊಂಡಾನು, ಆಗ ಇದೂ ಕೈತಪ್ಪುತ್ತದೆ ಎಂದು ಹೊಳೆದು ನಿಲ್ಲಿಸಿದೆ. ಟೀ ಅಂಗಡಿಯವನ ಹೆಸರಲ್ಲಿ, ಆಲೂರಿನಲ್ಲಿರುವ ಅವನ ಅಕ್ಕನ ಮನೆಯ ವಿಳಾಸಕ್ಕೆ ಒಂದು ಪ್ರತಿ ತರಿಸಿದೆ.

"ನೀನೇ ಮಾಡಿದ್ದನ್ನ ನನ್ ಹೆಸ್ರಲ್ಲಿ ನೀನೇ ಕೊಂಡ್ಕೊಂತಿದೀಯ," ಎಂದ ಅವನು. "ಇದ್ಕಿಂತ ನಮ್ ಮಿಕ್ಸಿನೇ ವಾಸಿ ಕಣೋ."

ಕ್ಯಾಸೆಟ್ ಬಂತು. ನಾನು ಹಿಂದೆ ಕಳಿಸಿದ್ದ ಗೋಣಿಯನ್ನೇ ಆ ನಗರದವನು ಪೆಟ್ಟಿಗೆಗೆ ಸುತ್ತಿದ್ದ.

ಅದೇ ಆಫೀಸು, ಅದೇ ಜನ. ಈ ಸಲ ಅವಳು ಮ್ಯಾನೇಜರ್ ಹೇಳುವ ಮೊದಲೇ ಕುರ್ಚಿ ಎಳೆದು ಕೂತಳು. ಎರಡನೆಯ ಬದಿ ಹಾಕಿ, ಇಪ್ಪತ್ತೊಂದನೆಯ ನಿಮಿಷದ ಹತ್ತಿರಕ್ಕೆ ಓಡಿಸಿ ಬಿಟ್ಟೆ. ಯಂತ್ರ ಓಡಿತು. ನಿಂತಿತು. ಬೆಲ್ಟು ಸುಮ್ಮನಾಯಿತು.

ಮೂರು ತಟ್ಟು. ಮೂರನೆಯದು ಸೊಟ್ಟಗೆ.

"ಅದು ನಮ್ ತಟ್ಟು," ಎಂದ ಸ್ಟಾರ್ಟರಿನ ಮುದುಕ. ಯಾರೂ ಅವನನ್ನು ಕೇಳಿರಲಿಲ್ಲ. "ರೈಟ್ರಿಗೂ ಗೊತ್ತು ಸಾರ್ ಅದು. ಹೋದ್ ವರ್ಷ ನಾನೇ ಹೇಳ್ಕೊಟ್ಟಿದ್ದೆ."

ಕೆದಕುವ ಸದ್ದು. ಮ್ಯಾನೇಜರ್ ಗೋಡೆ ಗಡಿಯಾರ ನೋಡುತ್ತಿದ್ದರು. ಒಂದು ತಟ್ಟು ಬರಬೇಕಾದ ಜಾಗದಲ್ಲಿ ಅದು ಬರಲಿಲ್ಲ. ಟಕ್ ಎಂದಿತು.

"ಸಾರ್, ಇದು ಆವತ್ತಿಂದೇ ಅನ್ನಾಕೆ ಏನ್ ಗ್ಯಾರಂಟಿ?" ಎಂದು ರೈಟರ್ ಶುರುಮಾಡಿದ. ಅಷ್ಟರಲ್ಲಿ ಕೂಗು ಬಂತು. ಅವನ ಕೈ ತಾನಾಗಿ ಕಿವಿಗೆ ಹೋಯಿತು. ಮತ್ತೆ ಯಾರೂ ಗ್ಯಾರಂಟಿ ಕೇಳಲಿಲ್ಲ. ಅವಳು ಮಾತ್ರ ಅಲುಗದೆ, ಕಿಟಕಿಯಾಚೆ ಕಣವನ್ನು ನೋಡುತ್ತಾ, ಪೂರ್ತಿ ಕೇಳಿಸಿಕೊಂಡಳು.

ಅಪಘಾತದ ಪುಸ್ತಕ ತೆಗೆಸಿದರು. ಹಳೆಯ ಸಾಲಿನ ಮೇಲೆ ರೈಟರ್ ತನ್ನ ಕೈಯಿಂದಲೇ ಗೆರೆ ಎಳೆದ. ಯಂತ್ರ ನಿಂತಿತ್ತು, ಒಳಗೆ ಕೈ ಇದೆಯೆಂದು ಸೂಚನೆ ಕೊಟ್ಟಮೇಲೂ ಚಾಲೂ ಆಯಿತು ಎಂದು ಬರೆದು ಓದಿದ.

"ಅದೇ ಚಾಲೂ ಆಯ್ತಾ?" ಎಂದಳು ಅವಳು. "ಯಾರ್ ಒತ್ತಿದ್ದು ಅಂತ ಬರೀರಿ."

ಮ್ಯಾನೇಜರ್ ತಲೆಯಾಡಿಸಿದರು. ಅವನು ಬರೆದ. ಮ್ಯಾನೇಜರ್ ಮತ್ತು ಮುದುಕ ಸಹಿ ಹಾಕಿದರು. ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ಅದು ಅಷ್ಟು ಬೇಗ ಇಳಿಯಬಾರದಿತ್ತು. ಅವಳು ನನ್ನ ಕಡೆ ತಿರುಗಿದಳು.

"ಇದು ನಿಂಗೆ ಎಲ್ ಸಿಕ್ತು?"

ಹೇಳಿದೆ. ಅದೇನೆಂದು ಕೇಳಿ, ತಿಳಿದೇ ಕಳಿಸಿದ್ದೆ ಎಂದೂ ಹೇಳಿದೆ.

"ಇಂಥವು ಎಷ್ಟವೆ?"

"ಇಪ್ಪತ್ತು."

"ಎಲ್ಲಾದ್ರಾಗೂ ನಾನು ಕೂಗಿದ್ದು ಐತಾ?"

"ಐತೆ."

"ವಾಪಸ್ ತರ್ಸಾಕೆ ಆಯ್ತದಾ?"

"ಇಲ್ಲ. ಎಲ್ಲಾ ಹೋಗ್ಬುಟ್ಟವೆ."

"ತಗಂಡೋರು ಅದ್ನ ಏನ್ ಮಾಡ್ತಾರೆ?"

"ಕೇಳ್ತಾರೆ."

"ಯಾರೂ ಇಲ್ದಾಗ, ಒಬ್ರೇ ಕೂತ್ಕೊಂಡು?"

"ಹೂಂ."

ರೈಟರ್ ಪುಸ್ತಕ ಮಡಿಸಲು ಹೋದಾಗ ಅವಳು ಮೊಂಡುಗೈಯನ್ನು ಸೆರಗಿನಿಂದ ತೆಗೆದು ಹಾಳೆಯ ಮೇಲಿಟ್ಟಳು. ಮೊದಲ ಸಲ ಅದನ್ನು ಪೂರ್ತಿಯಾಗಿ ಕಂಡೆ.

"ಮುಚ್ಬ್ಯಾಡ್ರಿ ರೈಟ್ರೇ. ಕೆಳಗೆ ಇನ್ನೊಂದು ಬರೀರಿ. ಅವತ್ತು ನಾನು ಕೂಗಿದ್ದನ್ನ ನನ್ನ ಕೇಳ್ದಂಗೆ ಊರೂರಿಗೆ ಕಳ್ಸಿದ್ದು ಈ ಮೋಟ್ರು ರಿಪೇರಿಯೋನು ಅಂತ. ಗೊತ್ತಿದ್ದೇ ಕಳ್ಸ್ದ ಅಂತ."

"ಇದು ಅಪಘಾತದ ಪುಸ್ತಕ ಕಣಮ್ಮ," ಎಂದರು ಮ್ಯಾನೇಜರ್. "ಅದೆಲ್ಲ ಇದ್ರಾಗೆ ಬರಾಕಿಲ್ಲ."

"ಬತ್ತದೆ. ಬರೀರಿ."

ಮ್ಯಾನೇಜರ್ ನನ್ನ ಮುಖ ನೋಡಿದರು. ಬರೆಯಲಿ ಎಂದೆ. ರೈಟರ್ ಆ ಸಾಲನ್ನು ಅವಸರವಿಲ್ಲದೆ, ದುಂಡಗೆ, ಒಂದು ಅಕ್ಷರವೂ ಬಿಡದೆ ಬರೆದ. ಅವನ ಸಾಲಿಗಿಂತ ನನ್ನ ಸಾಲು ಅಂದವಾಗಿ ಬಂತು. ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟ.

ಸಹಿ ಹಾಕಿದೆ. ಅವಳು ಶಾಯಿ ಒಣಗುವ ತನಕ ಕೈ ತೆಗೆಯಲಿಲ್ಲ.